ಕತ್ತಲಲ್ಲಿ ಕಾಣದ ಟ್ರೇಲರ್‌ಗಳು: ಹಾಸನ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ,

ಚನ್ನರಾಯಪಟ್ಟಣ ತಾಲ್ಲೂಕಿನ ರೈತನೊಬ್ಬನ ನಮಸ್ಕಾರಗಳು. ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಯ ಅಧ್ಯಕ್ಷರೂ ತಾವೇ ಆಗಿರುವುದರಿಂದ ಈ ಪತ್ರವನ್ನು ತಮಗೇ ಬರೆಯುತ್ತಿದ್ದೇನೆ. ರಾಗಿ ಕೊಯ್ಲು ಶುರುವಾಗುವ ಮುನ್ನ ನಮ್ಮ ಜಿಲ್ಲೆಯ ಟ್ರ್ಯಾಕ್ಟರ್ ಟ್ರೇಲರ್‌ಗಳ ಹಿಂಬದಿ ದೀಪ, ಪ್ರತಿಫಲಕ ಪಟ್ಟಿ, ಕೊಂಡಿ ಮತ್ತು ನೋಂದಣಿಯನ್ನು ಅವು ನಿಂತ ಜಾಗದಲ್ಲೇ ಪರಿಶೀಲಿಸಿ ಸರಿಪಡಿಸುವ ವ್ಯವಸ್ಥೆಯಾಗಬೇಕು ಎಂಬುದು ನನ್ನ ಕೋರಿಕೆ. ನಡುರಾತ್ರಿ ರಸ್ತೆಯಲ್ಲಿ ತಡೆದು ದಂಡ ಹಾಕಿಸಿಕೊಂಡ ಟ್ರೇಲರ್ ಅಲ್ಲಿಂದ ಮುಂದಕ್ಕೂ ದೀಪವಿಲ್ಲದೆಯೇ ಹೋಗುತ್ತದೆ.

ಮೂರು ವರ್ಷದ ಹಿಂದೆ ಡಿಸೆಂಬರ್ ತಿಂಗಳಲ್ಲಿ ನನ್ನದೇ ಟ್ರೇಲರ್ ರಾಗಿ ಹುಲ್ಲು ಹೇರಿಕೊಂಡು ಬರುತ್ತಿದ್ದಾಗ, ಊರು ಇನ್ನೂ ಎರಡು ಕಿಲೋಮೀಟರ್ ಇರುವಂತೆಯೇ ಟೈರ್ ಒಡೆಯಿತು. ಕತ್ತಲಾಗಿತ್ತು, ಮಂಜು ಇಳಿಯತೊಡಗಿತ್ತು. ಎಲ್ಲರೂ ಮಾಡುವಂತೆ ನಾವೂ ಹೊಂಗೆಯ ಕೊಂಬೆ ಮುರಿದು ಹಿಂದೆ ಹಾಕಿ, ನಾಲ್ಕು ಕಲ್ಲು ಇಟ್ಟು, ಟ್ರೇಲರನ್ನು ಕಳಚಿ ಅಲ್ಲೇ ಬಿಟ್ಟು, ಜಾಕ್ ತರಲು ಟ್ರ್ಯಾಕ್ಟರ್‌ನಲ್ಲಿ ಊರಿಗೆ ಹೋದೆವು. ಟ್ರ್ಯಾಕ್ಟರ್ ಕಳಚಿದ ಮೇಲೆ ಟ್ರೇಲರ್‌ನ ದೀಪಕ್ಕೆ ಕರೆಂಟೇ ಇರುವುದಿಲ್ಲ, ಆಗ ಅದನ್ನು ತೋರಿಸುವುದು ಪ್ರತಿಫಲಕ ಪಟ್ಟಿಯೊಂದೇ, ಅದು ನನ್ನ ಟ್ರೇಲರ್‌ಗೆ ಇರಲಿಲ್ಲ. ಡೈರಿಗೆ ಹಾಲು ಹಾಕಿ ಬರುತ್ತಿದ್ದ ನಮ್ಮೂರಿನ ಹುಡುಗ ಬೈಕ್ ಸಮೇತ ಹಿಂದಿನಿಂದ ಬಂದು ಗುದ್ದಿದ. ಹೊರಚಾಚಿದ್ದ ಹುಲ್ಲು ಅವನ ತಲೆಯನ್ನು ಉಳಿಸಿತು, ಆದರೆ ಕಾಲು ಕಬ್ಬಿಣಕ್ಕೆ ಸಿಕ್ಕಿ ಮುರಿಯಿತು. ಅವನು ಇಂದಿಗೂ ಕುಂಟುತ್ತಲೇ ನಮ್ಮ ಮನೆ ಮುಂದೆ ಹಾದು ಹೋಗುತ್ತಾನೆ. ವಾಹನವನ್ನಾಗಲಿ ಟ್ರೇಲರನ್ನಾಗಲಿ ಸಾರ್ವಜನಿಕ ಸ್ಥಳದಲ್ಲಿ ಇತರರಿಗೆ ಅಪಾಯವಾಗುವಂತೆ ಬಿಟ್ಟುಹೋಗಬಾರದೆಂದು 1988ರ ಮೋಟಾರು ವಾಹನ ಕಾಯ್ದೆಯ 122ನೇ ಕಲಂ ಹೇಳುತ್ತದೆ ಎಂಬುದನ್ನು ನಾನು ತಿಳಿದುಕೊಂಡಿದ್ದು ಇದಾದ ಮೇಲೆ.

ಟ್ರೇಲರ್‌ಗಳಿಗೆ ದೀಪ ಏಕಿಲ್ಲವೆಂದು ಹುಡುಕಿದರೆ, ಬಹುಪಾಲು ಕಡೆ ದೀಪ ಇದ್ದೇ ಇರುತ್ತದೆ, ಉರಿಯುವುದಿಲ್ಲ ಅಷ್ಟೇ. ಟ್ರ್ಯಾಕ್ಟರ್‌ನ ಹಿಂಭಾಗದಲ್ಲಿ ಏಳು ಪಿನ್ನಿನ ಒಂದು ಸಾಕೆಟ್ ಇರುತ್ತದೆ. ಟ್ರೇಲರ್‌ನಿಂದ ಬರುವ ವೈರ್ ಅದಕ್ಕೆ ಸೇರಿದರೆ ಮಾತ್ರ ಹಿಂದಿನ ಕೆಂಪು ದೀಪ, ಬ್ರೇಕ್ ದೀಪ, ಇಂಡಿಕೇಟರ್‌ಗಳು ಉರಿಯುತ್ತವೆ. ಗದ್ದೆಯ ಕೆಸರು ಮೆತ್ತಿಕೊಂಡು ಪಿನ್ನುಗಳು ತುಕ್ಕು ಹಿಡಿಯುತ್ತವೆ. ತಿರುವಿನಲ್ಲಿ ವೈರ್ ಡ್ರಾಬಾರಿಗೆ, ಅಂದರೆ ಟ್ರೇಲರನ್ನು ಎಳೆಯುವ ಕಬ್ಬಿಣದ ದಂಡಕ್ಕೆ, ಸಿಕ್ಕಿ ಕಿತ್ತುಬರುತ್ತದೆ. ಒಂದೇ ಟ್ರೇಲರನ್ನು ಅಣ್ಣನ ಟ್ರ್ಯಾಕ್ಟರ್, ತಮ್ಮನ ಟ್ರ್ಯಾಕ್ಟರ್, ಬಾಡಿಗೆ ಟ್ರ್ಯಾಕ್ಟರ್ ಎಂದು ಮೂರು ಕಡೆಗೆ ಕಟ್ಟುವ ನಮ್ಮಲ್ಲಿ, ಒಂದಕ್ಕೆ ಕೂಡುವ ಪ್ಲಗ್ ಇನ್ನೊಂದಕ್ಕೆ ಕೂಡುವುದಿಲ್ಲ. ಇದು ಒಬ್ಬ ಆಟೊ ಎಲೆಕ್ಟ್ರಿಷಿಯನ್ ಅರ್ಧ ಗಂಟೆಯಲ್ಲಿ ಮುಗಿಸುವ ಕೆಲಸ. ಕೊಯ್ಲಿನ ಗಡಿಬಿಡಿಯಲ್ಲಿ ಆ ಅರ್ಧ ಗಂಟೆ ಯಾರಿಗೂ ಸಿಗುವುದಿಲ್ಲ.

ದೀಪಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುವುದು ಬ್ರೇಕಿನ ವಿಷಯ. ಉಳುವಾಗ ಬೇಗ ತಿರುಗಲೆಂದು ಟ್ರ್ಯಾಕ್ಟರ್‌ಗೆ ಎಡಗಡೆ ಚಕ್ರಕ್ಕೊಂದು, ಬಲಗಡೆ ಚಕ್ರಕ್ಕೊಂದು ಬೇರೆ ಬೇರೆ ಬ್ರೇಕ್ ಪೆಡಲ್ ಕೊಟ್ಟಿರುತ್ತಾರೆ. ರಸ್ತೆಗೆ ಬಂದ ಕೂಡಲೇ ಅವೆರಡನ್ನೂ ಸೇರಿಸುವ ಚಿಲಕವನ್ನು ಹಾಕಬೇಕು. ಹಾಕದೆ ಇಳಿಜಾರಿನಲ್ಲಿ ಒಂದೇ ಪೆಡಲ್ ತುಳಿದರೆ ಟ್ರ್ಯಾಕ್ಟರ್ ಆ ಬದಿಗೆ ಎಳೆಯುತ್ತದೆ, ಹಿಂದಿನ ಭಾರ ನೇರಕ್ಕೆ ತಳ್ಳುತ್ತದೆ, ಎರಡೂ ಕತ್ತರಿಯಂತೆ ಮಡಚಿಕೊಂಡು ಮಗುಚುತ್ತವೆ. ಟ್ರೇಲರ್‌ಗೆ ಸ್ವಂತ ಬ್ರೇಕ್ ಇಲ್ಲದಿದ್ದರೆ ಅಷ್ಟೂ ಭಾರವನ್ನು ಟ್ರ್ಯಾಕ್ಟರೊಂದೇ ತಡೆಯಬೇಕು, ಆದ್ದರಿಂದ ಏರಿನಲ್ಲಿ ಹತ್ತಿದ ಗೇರಿನಲ್ಲೇ ಇಳಿಯಬೇಕು, ಡೀಸೆಲ್ ಉಳಿಸಲೆಂದು ನ್ಯೂಟ್ರಲ್ ಮಾಡಬಾರದು. ನಮ್ಮ ಕಡೆಯ ಬಯಲುಸೀಮೆಯಲ್ಲಿ ಹೇಗೋ ನಡೆದುಹೋಗುವ ಈ ತಪ್ಪು ಸಕಲೇಶಪುರದ ಕಡೆಯ ಇಳಿಜಾರುಗಳಲ್ಲಿ ನಡೆಯುವುದಿಲ್ಲ. ಹೊಸ ಟ್ರ್ಯಾಕ್ಟರ್ ಕೊಂಡ ಮನೆಗಳಲ್ಲಿ ಹದಿನೆಂಟು ತುಂಬದ ಹುಡುಗರೂ ಸ್ಟಿಯರಿಂಗ್ ಹಿಡಿಯುತ್ತಾರೆ, ಆ ಚಿಲಕ ಇರುವುದನ್ನು ಅವರಿಗೆ ಯಾರೂ ತೋರಿಸಿಕೊಟ್ಟಿರುವುದಿಲ್ಲ.

ಕೊಂಡಿಯ ಪಿನ್ನು ಮೇಲೆ ಜಿಗಿಯದಂತೆ ಕೆಳಗೆ ಹಾಕುವ ಕ್ಲಿಪ್ಪಿನ ಜಾಗದಲ್ಲಿ ಬೇಲಿ ತಂತಿಯ ತುಂಡನ್ನೋ ಮೊಳೆಯನ್ನೋ ಸಿಕ್ಕಿಸಿರುವುದನ್ನು ತಮ್ಮ ಅಧಿಕಾರಿಗಳು ಯಾವ ಸಂತೆಯಲ್ಲಿ ಬೇಕಾದರೂ ನೋಡಬಹುದು. ಮಣ್ಣು ಪುಡಿಮಾಡುವ ರೋಟವೇಟರನ್ನು ಹಿಂದೆ ಎತ್ತಿಕೊಂಡು ಹೊರಟ ಟ್ರ್ಯಾಕ್ಟರ್‌ನದು ಇನ್ನೊಂದು ತೊಂದರೆ. ಆ ಯಂತ್ರವು ಹಿಂದಿನ ದೀಪಗಳನ್ನು ಮರೆಮಾಡುತ್ತದೆ, ಅದರ ಬ್ಲೇಡುಗಳು ಹಿಂದೆ ಬರುವ ಬೈಕ್ ಸವಾರನ ಎದೆಯ ಮಟ್ಟಕ್ಕೆ ನಿಂತಿರುತ್ತವೆ.

ಕಾನೂನು ಅಸ್ಪಷ್ಟವಾಗೇನೂ ಇಲ್ಲ. ಅದೇ ಕಾಯ್ದೆಯ 61ನೇ ಕಲಂ ಪ್ರಕಾರ ಟ್ರೇಲರ್‌ಗೂ ಪ್ರತ್ಯೇಕ ನೋಂದಣಿ ಬೇಕು, ಎಳೆಯುವ ವಾಹನದ ಸಂಖ್ಯೆ ಟ್ರೇಲರ್‌ನ ಮೇಲೆ, ಒಂದಕ್ಕಿಂತ ಹೆಚ್ಚಿದ್ದರೆ ಕೊನೆಯದರ ಮೇಲೆ, ಕಾಣಬೇಕು. ಆದರೆ ಊರಿನ ವೆಲ್ಡಿಂಗ್ ಶಾಪಿನಲ್ಲಿ ಅಗ್ಗಕ್ಕೆ ಕಟ್ಟಿಸಿದ ಟ್ರೇಲರ್‌ಗೆ ನೋಂದಣಿಗೆ ಬೇಕಾದ ತಯಾರಕರ ಕಾಗದಪತ್ರಗಳೇ ಇರುವುದಿಲ್ಲ. ನೋಂದಣಿ ಇಲ್ಲದಿದ್ದರೆ ವಿಮೆಯೂ ಇಲ್ಲ. ಕಾಫಿ, ಮೆಣಸಿನ ಕೊಯ್ಲಿಗೆ ಇದೇ ಟ್ರೇಲರ್‌ಗಳಲ್ಲಿ ಆಳುಗಳನ್ನು ತುಂಬಿಕೊಂಡು ಹೋಗುವುದೂ ಉಂಟು, ಅವರಿಗೆ ಏನಾದರೂ ಆದರೆ ಪರಿಹಾರ ಯಾರಿಂದ?

ಆದ್ದರಿಂದ ತಾವು ದಯವಿಟ್ಟು ಟ್ರೇಲರ್‌ಗಳು ಸಾಲುಗಟ್ಟಿ ಕಾಯುವ ಜಾಗಗಳಿಗೆ ಸಾರಿಗೆ ಇಲಾಖೆಯವರನ್ನು ಕಳುಹಿಸಬೇಕು. ಬೆಂಬಲ ಬೆಲೆಯ ರಾಗಿ ಖರೀದಿ ಕೇಂದ್ರಗಳ ಮುಂದೆ, ಬಿತ್ತನೆ ಆಲೂಗಡ್ಡೆ ಮಾರಾಟದ ಕಾಲದಲ್ಲಿ ಹಾಸನದ ಎಪಿಎಂಸಿಯಲ್ಲಿ, ಕಬ್ಬು ಅರೆಯುವಾಗ ಸಕ್ಕರೆ ಕಾರ್ಖಾನೆಯ ಅಂಗಳದಲ್ಲಿ ನಾವು ಗಂಟೆಗಟ್ಟಲೆ ಸುಮ್ಮನೆ ನಿಂತಿರುತ್ತೇವೆ. ಅಲ್ಲಿ ಒಬ್ಬ ಎಲೆಕ್ಟ್ರಿಷಿಯನ್ ಇದ್ದು, ಹಿಂದಕ್ಕೆ ಕೆಂಪು, ಪಕ್ಕಕ್ಕೆ ಹಳದಿ ಪ್ರತಿಫಲಕ ಪಟ್ಟಿಯನ್ನು ಹುಲ್ಲು, ಕಬ್ಬು ಹೇರಿದಾಗಲೂ ಮುಚ್ಚಿಹೋಗದ ಕಡೆ ಅಂಟಿಸಿದರೆ, ಅದರ ಖರ್ಚನ್ನು ಕೊಡಲು ರೈತರು ಹಿಂಜರಿಯುವುದಿಲ್ಲ. ವೆಲ್ಡಿಂಗ್ ಶಾಪುಗಳಿಗೂ ನೋಟಿಸ್ ಹೋಗಲಿ, ಹಳೆಯ ಟ್ರೇಲರ್‌ಗಳನ್ನು ತಪಾಸಣೆ ಮಾಡಿ ನೋಂದಣಿಗೆ ತರುವ ದಾರಿಯನ್ನು ಸಾರಿಗೆ ಇಲಾಖೆ ನಮಗೆ ಬರವಣಿಗೆಯಲ್ಲಿ ತಿಳಿಸಲಿ. ರೈತ ಸಂಪರ್ಕ ಕೇಂದ್ರಗಳಲ್ಲಿ ಸಹಾಯಧನದ ಯಂತ್ರ ಕೊಡುವ ದಿನ, ಅದನ್ನು ರಸ್ತೆಯಲ್ಲಿ ಒಯ್ಯುವ ಬಗೆಯನ್ನೂ ಪೆಡಲ್ ಚಿಲಕ ಹಾಕುವುದನ್ನೂ ಕೈಯಿಂದ ಮಾಡಿಸಿ ತೋರಿಸಬೇಕು. ಕಂದಲಿಯ ಕೃಷಿ ವಿಜ್ಞಾನ ಕೇಂದ್ರದವರಿಗೆ ಇದು ಹೊರೆಯಾಗದು ಎಂದುಕೊಂಡಿದ್ದೇನೆ.

ಕೊನೆಯದಾಗಿ, ಕೆಟ್ಟ ವಾಹನದ ಸುತ್ತ ಇಟ್ಟ ಕಲ್ಲುಗಳು ವಾಹನ ಹೋದ ಮೇಲೂ ರಸ್ತೆಯಲ್ಲೇ ಉಳಿಯುತ್ತವೆ. ನಾನು ಇಟ್ಟ ನಾಲ್ಕು ಕಲ್ಲುಗಳನ್ನು ಮರುದಿನ ಬೆಳಿಗ್ಗೆ ನಾನೇ ಹೋಗಿ ತೆಗೆದೆ, ಒಂದರ ಮೇಲೆ ಆಗಲೇ ಯಾವುದೋ ಕಾರಿನ ಬಣ್ಣ ಹತ್ತಿತ್ತು. ಪ್ರತಿ ಟ್ರ್ಯಾಕ್ಟರ್‌ನಲ್ಲೂ ಮಡಚುವ ಎಚ್ಚರಿಕೆಯ ತ್ರಿಕೋನ ಇರಲೇಬೇಕೆಂದೂ, ರಸ್ತೆಯಲ್ಲಿ ಉಳಿದ ಕಲ್ಲುಗಳನ್ನು ಅಂದೇ ತೆಗೆಸುವ ಹೊಣೆ ಗ್ರಾಮ ಪಂಚಾಯಿತಿಯದೋ ಲೋಕೋಪಯೋಗಿ ಇಲಾಖೆಯದೋ ಎಂಬುದನ್ನೂ ತಾವು ಒಂದು ಆದೇಶದಲ್ಲಿ ಸ್ಪಷ್ಟಪಡಿಸಬೇಕೆಂದು ಕೋರುತ್ತೇನೆ.

ತಮ್ಮ ವಿಶ್ವಾಸಿ,
ಚನ್ನರಾಯಪಟ್ಟಣ ತಾಲ್ಲೂಕಿನ ಒಬ್ಬ ರೈತ