ಗುಂಡಿ ಹೊಲಿಯುವುದನ್ನು ಪರೀಕ್ಷೆಯ ಪ್ರಶ್ನೆ ಮಾಡಬೇಡಿ

ಮಾನ್ಯ ಸಂಪಾದಕರೇ,

ಐದು, ಆರನೇ ಕ್ಲಾಸಿನ ಮಕ್ಕಳಿಗೆ ಶಾಲೆಯಲ್ಲೇ ಬದುಕಿನ ಸಣ್ಣಪುಟ್ಟ ಕೆಲಸ ಕಲಿಸಬೇಕು ಅನ್ನೋ ಮಾತು ಆಗಾಗ ಬರುತ್ತದೆ. ಖಂಡಿತ ಕಲಿಸಬೇಕು. ಆದರೆ ಅದಕ್ಕೂ ಒಂದು ಪಠ್ಯಪುಸ್ತಕ ಮಾಡಿ, ನೋಟ್ಸ್ ಬರೆಸಿ, ಅಂಕ ಕೊಡುವುದಾದರೆ ದಯವಿಟ್ಟು ಬೇಡ. ಗುಂಡಿ ಹೊಲಿಯುವ ವಿಧಾನವನ್ನು ಬಾಯಿಪಾಠ ಮಾಡಿದ ಮಗುವಿಗೆ ಸೂಜಿಗೆ ದಾರ ಪೋಣಿಸಲು ಬಂದಿರುವುದಿಲ್ಲ.

ಈ ವಯಸ್ಸಿಗೆ ಸೂಜಿ, ಕತ್ತರಿ, ಸುತ್ತಿಗೆ ಹಿಡಿಯುವಷ್ಟು ಕೈ ಪಳಗಿರುತ್ತದೆ. 'ನಾನೇ ಮಾಡ್ತೀನಿ' ಅನ್ನುವ ಹುಮ್ಮಸ್ಸೂ ಇನ್ನೂ ಇರುತ್ತದೆ. ಇಟಲಿಯ ಶಿಕ್ಷಣತಜ್ಞೆ ಮರಿಯಾ ಮಾಂಟೆಸ್ಸರಿ 1907ರಲ್ಲಿ ರೋಮ್‌ನಲ್ಲಿ ಶುರು ಮಾಡಿದ ಶಾಲೆಯಲ್ಲಿ ಇವರಿಗಿಂತ ಚಿಕ್ಕ ಮಕ್ಕಳೇ ಕೈ ತೊಳೆಯುವುದು, ಗುಡಿಸುವುದನ್ನೆಲ್ಲ ಪಾಠವಾಗಿ ಕಲಿತರು. ದೊಡ್ಡ ಮಕ್ಕಳಿಗೆ ಬಂದಾಗ ಅದನ್ನು ಯಾಕೆ ಬಿಡಬೇಕು?

ನನ್ನನ್ನು ಕೇಳಿದರೆ ಮೊದಲು ಕಲಿಸಬೇಕಾದ್ದು ಪ್ರಥಮ ಚಿಕಿತ್ಸೆ. ಕೈ ಸುಟ್ಟರೆ ಟೂತ್‌ಪೇಸ್ಟ್, ಐಸ್ ಏನೂ ಹಚ್ಚದೆ ನಲ್ಲಿಯ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಬೇಕು. ಮೂಗಿನಲ್ಲಿ ರಕ್ತ ಬಂದರೆ ತಲೆ ಹಿಂದಕ್ಕೆ ಹಾಕಬಾರದು, ಸ್ವಲ್ಪ ಮುಂದಕ್ಕೆ ಬಾಗಿ ಮೂಗಿನ ಮೆತ್ತನೆಯ ಭಾಗವನ್ನು 10 ನಿಮಿಷ ಬಿಡದೆ ಒತ್ತಿ ಹಿಡಿದು ಬಾಯಲ್ಲಿ ಉಸಿರಾಡಬೇಕು. ಎಷ್ಟೋ ದೊಡ್ಡವರೇ ಇವೆರಡನ್ನೂ ತಪ್ಪಾಗಿ ಮಾಡುತ್ತಾರೆ! ಯಾರಿಗಾದರೂ ಕರೆಂಟ್ ಹೊಡೆದರೆ ಅವರನ್ನು ಮುಟ್ಟದೆ ಮೊದಲು ಮೇನ್ ಸ್ವಿಚ್ ಆಫ್ ಮಾಡಬೇಕು ಅಂತ ಗೊತ್ತಿದ್ದರೆ ಸಾಲದು, ತಮ್ಮ ಮನೆಯಲ್ಲಿ ಅದು ಎಲ್ಲಿದೆ ಅಂತ ಮಗು ಹೋಗಿ ತೋರಿಸುವಂತಿರಬೇಕು. ಅಪ್ಪ, ಅಮ್ಮನ ಫೋನ್ ನಂಬರ್ ಬಾಯಿಗೆ ಬರಬೇಕು, ಏಕೆಂದರೆ ಫೋನ್ ಕಳೆದಾಗಲೇ ಅದು ಬೇಕಾಗುವುದು ಜಾಸ್ತಿ.

ಲೆಕ್ಕ ಇಡುವುದು, ನಕ್ಷೆ ನೋಡಿ ದಾರಿ ಹುಡುಕುವುದು, ಒಟಿಪಿ ಯಾರಿಗೂ ಹೇಳದಿರುವುದು, ಇವೂ ಇರಲಿ. ಹುಡುಗಿಯರಿಗೆ ಹೊಲಿಗೆ, ಹುಡುಗರಿಗೆ ಸ್ಕ್ರೂಡ್ರೈವರ್ ಅಂತ ಮಾತ್ರ ಹಂಚಬೇಡಿ. ಇಬ್ಬರಿಗೂ ಎರಡೂ ಬೇಕು.

ಕಲಿಸುವ ರೀತಿ ಸುಲಭ, ತಾಳ್ಮೆಯೇ ಕಷ್ಟ. ಒಮ್ಮೆ ನಿಧಾನವಾಗಿ ಮಾಡಿ ತೋರಿಸಬೇಕು, ಆಮೇಲೆ ಮಗು ತಡವರಿಸಿದರೂ ಕೈಯಿಂದ ಕಿತ್ತುಕೊಳ್ಳದೆ ಪಕ್ಕದಲ್ಲಿ ಸುಮ್ನೆ ನಿಂತಿರಬೇಕು. ಮನೆಯಲ್ಲೂ ಅಷ್ಟೇ ಅಲ್ವಾ? ಮಗು ಮಡಚಿಟ್ಟ ಬಟ್ಟೆಯನ್ನು ಅದರ ಕಣ್ಣೆದುರೇ ಬಿಚ್ಚಿ ಮತ್ತೆ ಮಡಚಿದರೆ ನಾಳೆಯಿಂದ ಅದು ಆ ಕೆಲಸಕ್ಕೆ ಕೈ ಹಾಕುವುದಿಲ್ಲ.

ವಾರಕ್ಕೆ ಒಂದೇ ಪೀರಿಯಡ್ ಸಾಕು. ಪರೀಕ್ಷೆ ಹತ್ತಿರ ಬಂತು ಅಂತ ಅದನ್ನು ಗಣಿತಕ್ಕೋ ವಿಜ್ಞಾನಕ್ಕೋ ಬಿಟ್ಟುಕೊಡುವುದಿಲ್ಲ ಅಂತ ಶಾಲೆಗಳು ಮೊದಲೇ ತೀರ್ಮಾನ ಮಾಡಲಿ.

– ಒಬ್ಬ ಶಿಕ್ಷಕಿ