ಮಂಜ, ಮೀನು ಆಮೇಲೆ ತರೋಣ

ಕೋಲಾರ

ಪ್ರೀತಿಯ ಮಂಜ,

ಟ್ಯಾಂಕ್ ಬಂತು, ಸ್ಟ್ಯಾಂಡ್ ಮೇಲೆ ಕೂರಿಸಿದೆ ಅಂತ ಫೋಟೋ ಕಳಿಸಿದ್ದೀಯ. ನೋಡಿ ತುಂಬಾ ಖುಷಿಯಾಯಿತು. ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರ. ಮೊದಲ ಉಪ್ಪುನೀರಿನ ಟ್ಯಾಂಕಿಗೆ ಒಳ್ಳೆ ಅಳತೆ ಕಣೋ. ಇದಕ್ಕಿಂತ ಚಿಕ್ಕದಾದರೆ ನೀರು ಬೇಗ ಹದ ತಪ್ಪುತ್ತದೆ.

ಆದರೆ ಮೆಸೇಜಿನ ಕೊನೆಯಲ್ಲಿ, ಭಾನುವಾರ ಬೆಂಗಳೂರಿಗೆ ಹೋಗಿ ಒಂದು ಜೋಡಿ ಕ್ಲೌನ್ ಮೀನು ತರುತ್ತೇನೆ ಅಂದಿದ್ದೀಯಲ್ಲ, ಅದಕ್ಕೇ ಈ ಪತ್ರ. ದಯವಿಟ್ಟು ಬೇಡ. ಈ ಭಾನುವಾರವೂ ಬೇಡ, ಮುಂದಿನ ಭಾನುವಾರವೂ ಬೇಡ. ನಾಲ್ಕರಿಂದ ಆರು ವಾರ ಆ ಟ್ಯಾಂಕಿನಲ್ಲಿ ಬರೀ ನೀರು, ಕಲ್ಲು, ಮರಳು ಇರಲಿ.

ಅಂಗಡಿಯವರು "ಎರಡು ಡ್ಯಾಮ್ಸೆಲ್ ಹಾಕಿ ಸರ್, ತಾನಾಗಿ ಸೈಕಲ್ ಆಗುತ್ತೆ" ಅನ್ನಬಹುದು. ಒಪ್ಪಬೇಡ, ಡ್ಯಾಮ್ಸೆಲ್ ಕೂಡ ಮೀನೇ. ಮೀನು ಹಾಕುವ ಉಚ್ಚೆ, ಕಕ್ಕ, ಉಳಿದ ತಿಂಡಿ, ಎಲ್ಲವೂ ಅಮೋನಿಯಾ ಆಗುತ್ತದೆ. ಹೊಸ ಟ್ಯಾಂಕಿನಲ್ಲಿ ಅದನ್ನು ಅರಗಿಸುವ ಬ್ಯಾಕ್ಟೀರಿಯಾ ಇನ್ನೂ ಇರುವುದಿಲ್ಲ, ಅವು ಬೆಳೆಯುವುದಕ್ಕೇ ಸೈಕಲ್ ಅನ್ನುವುದು. ನೀನು ಗಪ್ಪಿ, ಗೋಲ್ಡ್‌ಫಿಶ್ ಸಾಕಿದವನು, ಆ ಅನುಭವ ಇಲ್ಲಿ ಪೂರ್ತಿ ಕೈಹಿಡಿಯುವುದಿಲ್ಲ. ಸಮುದ್ರದ ನೀರಿನ ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ, 8.2ರ ಆಸುಪಾಸು. ಪಿಎಚ್ 7 ಇರುವ ಸಿಹಿನೀರಿಗೆ ಹೋಲಿಸಿದರೆ, ಅಷ್ಟೇ ಅಮೋನಿಯಾದಲ್ಲಿ ವಿಷವಾಗುವ ಪಾಲು ಇಲ್ಲಿ ಹತ್ತು ಪಟ್ಟಿಗೂ ಜಾಸ್ತಿ. ಮೀನಿನ ಕಿವಿರು ಸುಟ್ಟಂತಾಗುತ್ತದೆ. ಅದು ಮೇಲ್ಗಡೆ ಬಂದು ಬಾಯಿ ಬಿಡುತ್ತಾ ನಿಲ್ಲುತ್ತದೆ. ಸುಮ್ನೆ ಒಂದು ಜೀವಕ್ಕೆ ಆ ಹಿಂಸೆ ಯಾಕೆ, ಅದಿಲ್ಲದೆಯೂ ಆಗುವ ಕೆಲಸಕ್ಕೆ?

ಮೊದಲು ನೀರಿನ ವಿಷಯ. ನಮ್ಮ ಬಯಲುಸೀಮೆಯಲ್ಲಿ ಅರ್ಧ ಕೆಲಸ ಇದೇ. ನಮ್ಮ ಕೋಲಾರದಲ್ಲಿ ವರ್ಷಪೂರ್ತಿ ಹರಿಯುವ ನದಿ ಇಲ್ಲ, ಬೋರ್‌ವೆಲ್ ಸಾವಿರ ಅಡಿ ದಾಟಿ ಹೋಗಿವೆ. ನಿಮ್ಮ ತುಮಕೂರಿನ ಕಥೆಯೂ ಬಹಳ ಬೇರೆಯಲ್ಲ. ಆ ನೀರಿನಲ್ಲಿ ಗಡಸು ಜಾಸ್ತಿ, ಎಷ್ಟೋ ಕಡೆ ಫ್ಲೋರೈಡ್, ನೈಟ್ರೇಟ್ ಕೂಡ. ಅದಕ್ಕೆ ಉಪ್ಪು ಬೆರೆಸಿದರೆ ಪಾಚಿ ಬೆಳೆಸಿದ ಹಾಗೆ. ಕಾಯಿನ್ ಹಾಕಿ ಕ್ಯಾನ್ ತುಂಬಿಸುವ ಘಟಕದ ನೀರು ಕುಡಿಯೋಕೆ ಸರಿ, ಆದರೆ ಅದರಲ್ಲೂ ಒಂದಿಷ್ಟು ಲವಣ ಉಳಿದಿರುತ್ತದೆ. ಮನೆಯ ಆರ್‌ಓ ನೋಡು, ಬಹಳಷ್ಟರಲ್ಲಿ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣದ ಅಳತೆ) ಕಂಟ್ರೋಲರ್ ಅಂತ ಒಂದು ಪುಟ್ಟ ತಿರುಪು ಇರುತ್ತದೆ. ರುಚಿಗೋಸ್ಕರ ಸ್ವಲ್ಪ ಹಸಿ ನೀರನ್ನು ವಾಪಸ್ ಬೆರೆಸುವುದೇ ಅದರ ಕೆಲಸ. ಅದನ್ನು ಪೂರ್ತಿ ಮುಚ್ಚಿಸು. ಕೊನೆಯಲ್ಲಿ, ಉಳಿದ ಲವಣವನ್ನೂ ಹೀರಿಕೊಳ್ಳುವ ಒಂದು ಡಿಐ ರೆಸಿನ್ ಡಬ್ಬಿ ಸೇರಿಸಿದರೆ ಟಿಡಿಎಸ್ ಮೀಟರಿನಲ್ಲಿ ಸೊನ್ನೆ ಬರುತ್ತದೆ. ಸೊನ್ನೆ ಬಂದ ಮೇಲೆ ಮಾತ್ರ ಉಪ್ಪಿನ ಪ್ಯಾಕೆಟ್ ಬಿಚ್ಚು.

ಅಡುಗೆ ಉಪ್ಪು, ಕಲ್ಲುಪ್ಪು ಯಾವುದೂ ನಡೆಯುವುದಿಲ್ಲ. ಸಮುದ್ರದಲ್ಲಿ ಸೋಡಿಯಂ ಜೊತೆ ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಎಲ್ಲ ಒಂದು ಲೆಕ್ಕದಲ್ಲಿ ಇರುತ್ತವೆ. ಅದಕ್ಕೆ ಅಕ್ವೇರಿಯಂ ಉಪ್ಪೇ ಬೇಕು. ಕಲ್ಲು, ಮರಳು ಕಳೆದು ನಿನ್ನ ಟ್ಯಾಂಕಿಗೆ ಸುಮಾರು 160 ಲೀಟರ್ ನೀರು ಹಿಡಿಯುತ್ತದೆ, ಆರು ಕೆಜಿ ಹತ್ತಿರ ಉಪ್ಪು. ಡ್ರಮ್ಮಿನಲ್ಲಿ ಪಂಪ್ ಓಡಿಸುತ್ತಾ ನೀರಿಗೆ ಉಪ್ಪು ಹಾಕು. ಮೊದಲು ಬೆಳ್ಳಗೆ ಮಬ್ಬಾಗುತ್ತದೆ, ಒಂದು ರಾತ್ರಿ ತಿರುಗಿದ ಮೇಲೆ ತಿಳಿಯಾಗುತ್ತದೆ. ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರಿನ ಗಾಜಿನ ಮೇಲೆ ಎರಡು ಹನಿ ಬಿಟ್ಟು ಬೆಳಕಿಗೆ ಹಿಡಿ. ಮೇಲೆ ನೀಲಿ, ಕೆಳಗೆ ಬಿಳಿ, ಎರಡೂ ಸೇರುವ ಗೆರೆ 1.025ರಲ್ಲಿ ನಿಂತರೆ ಮುಗಿಯಿತು.

ಕಲ್ಲಿನ ವಿಷಯದಲ್ಲಿ ಜೋಪಾನ. "ಲೈವ್ ರಾಕ್" ಅಂತ ಯಾರಾದರೂ ಸಮುದ್ರದಿಂದ ಕಿತ್ತು ತಂದ ಹವಳದ ಕಲ್ಲನ್ನು ತೋರಿಸಿದರೆ ಮುಟ್ಟಬೇಡ. ಹವಳಗಳನ್ನು 2001ರಲ್ಲೇ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಗೆ ಸೇರಿಸಿದ್ದಾರೆ, ಹುಲಿ ಇರುವ ಪಟ್ಟಿ ಅದು. ಸಮುದ್ರಕುದುರೆಯನ್ನೂ ಆಗಲೇ ಅದಕ್ಕೆ ಸೇರಿಸಿದ್ದರು. ಕಾನೂನು ಬಿಡು, ಮನ್ನಾರ್ ಕೊಲ್ಲಿಯ ತಳ ಖಾಲಿ ಮಾಡಿ ನಮ್ಮ ಹಾಲ್ ಅಲಂಕರಿಸುವುದು ನನಗಂತೂ ಒಪ್ಪಿಗೆಯಿಲ್ಲ. ಸಣ್ಣ ಸಣ್ಣ ರಂಧ್ರ ಇರುವ ಸೆರಾಮಿಕ್ ಕಲ್ಲು ಸಾಕು. ಬ್ಯಾಕ್ಟೀರಿಯಾಗೆ ಬೇಕಾಗಿರುವುದು ಅಂಟಿಕೊಳ್ಳೋಕೆ ಜಾಗ, ಅಷ್ಟೇ.

ಈಗ ಸೈಕ್ಲಿಂಗ್. ಮೀನಿನ ಬದಲು ನಾವೇ ಅಮೋನಿಯಾ ಕೊಡುವುದು. ಕಲಾಯಿ ಹಾಕುವವರು ಬಳಸುವ ನವಸಾಗರ ಗೊತ್ತಲ್ಲ, ಅಮೋನಿಯಂ ಕ್ಲೋರೈಡ್ ಅಂದರೆ ಅದೇ. ಆದರೆ ಬಜಾರಿನದ್ದು ಬೇಡ, ಲ್ಯಾಬಿನವರಿಗೆ ಕೆಮಿಕಲ್ ಮಾರುವ ಅಂಗಡಿಯಲ್ಲಿ ಶುದ್ಧವಾದದ್ದು ತಗೋ. ನಿನ್ನ 160 ಲೀಟರಿಗೆ 1 ಗ್ರಾಂ ಹಾಕಿದರೆ ಅಮೋನಿಯಾ 2 ಪಿಪಿಎಂ (ಲೀಟರಿಗೆ 2 ಮಿಲಿಗ್ರಾಂ) ಹತ್ತಿರ ಬರುತ್ತದೆ. ಅದಕ್ಕಿಂತ ಜಾಸ್ತಿ ಹಾಕಿದರೆ ಬೇಗ ಆಗುತ್ತದೆ ಅಂತ ತಿಳಿಯಬೇಡ, ಅತಿಯಾದರೆ ಬ್ಯಾಕ್ಟೀರಿಯಾಗಳೇ ಕುಗ್ಗುತ್ತವೆ. ಪಂಪ್ ಹಗಲೂ ರಾತ್ರಿ ಓಡಲಿ. ಲೈಟ್ ಮಾತ್ರ ಹಾಕಬೇಡ, ಪಾಚಿಗೆ ಅನುಕೂಲ.

ಆಮೇಲೆ ದಿನ ಬಿಟ್ಟು ದಿನ ಟೆಸ್ಟ್ ಮಾಡು. ಇದೇ ನನಗೆ ಅತಿ ಇಷ್ಟದ ಭಾಗ. ನನ್ನ ಹತ್ತಿರ ಇರುವ ಕಿಟ್ಟಿನಲ್ಲಿ ಅಮೋನಿಯಾ ಇದ್ದರೆ ಟ್ಯೂಬು ಹಸಿರಾಗುತ್ತದೆ, ಇಲ್ಲದಿದ್ದರೆ ನಿಂಬೆಹಣ್ಣಿನ ಹಳದಿ. ಮೊದಮೊದಲು ಹಸಿರು ಅಲುಗುವುದೇ ಇಲ್ಲ. ನೋಡುವವರಿಗೆ ಖಾಲಿ ನೀರು. ನಮ್ಮಮ್ಮ ದಿನಾ ಸಂಜೆ ದೀಪ ಹಚ್ಚಿ ಬಂದು, "ಇನ್ನೂ ಮೀನಿಲ್ವಾ?" ಅಂತ ಕೇಳುತ್ತಿದ್ದರು. ಒಂದು ದಿನ ಹಸಿರು ತುಸು ತಿಳಿಯಾಗಿ, ಪಕ್ಕದ ಟ್ಯೂಬಿನಲ್ಲಿ ನೈಟ್ರೈಟಿನ ನೇರಳೆ ಬಣ್ಣ ಕಾಣಿಸಿತು. ಅಮೋನಿಯಾವನ್ನು ನೈಟ್ರೈಟ್ ಮಾಡುವ ಗುಂಪು ಕೆಲಸ ಶುರು ಮಾಡಿತ್ತು. ಆ ಟ್ಯೂಬು ಹಿಡಿದುಕೊಂಡು ಅಡುಗೆಮನೆಗೆ ಓಡಿ ಅಮ್ಮನಿಗೆ ತೋರಿಸಿದೆ. ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಅವು ನಿಧಾನಿಗಳು, ಈ ನೇರಳೆ ವಾರಗಟ್ಟಲೆ ಹಾಗೇ ಇರಬಹುದು. ಗಾಬರಿಯಾಗಬೇಡ, ನೀರು ಬದಲಾಯಿಸಬೇಡ. ಕಲ್ಲಿನ ಮೇಲೆ ಕಂದು ಪುಡಿ ಕೂತರೂ ತಿಕ್ಕಬೇಡ, ಅದು ಡಯಾಟಮ್ ಅನ್ನುವ ಸೂಕ್ಷ್ಮ ಪಾಚಿ, ತಾನೇ ಹೋಗುತ್ತದೆ.

ಎರಡೂ ಇಳಿದ ಮೇಲೆ ಮತ್ತೊಮ್ಮೆ ಅಮೋನಿಯಾ ಹಾಕಿ ನೋಡು, 24 ಗಂಟೆಯಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬಂದರೆ ಟ್ಯಾಂಕ್ ಸಿದ್ಧ. ಸೇರಿಕೊಂಡ ನೈಟ್ರೇಟ್ ಇಳಿಸೋಕೆ ಆಗ ಅರ್ಧ ನೀರು ಬದಲಾಯಿಸು. ತೆಗೆದ ಉಪ್ಪುನೀರನ್ನು ಗಿಡದ ಬುಡಕ್ಕೆ ಮಾತ್ರ ಸುರಿಯಬೇಡ, ಗಿಡ ಉಳಿಯುವುದಿಲ್ಲ.

ಬೇಸಿಗೆಗೆ ಒಂದು ಮಾತು. ನೀರು 25, 26 ಡಿಗ್ರಿ ಇರಬೇಕು. ನೀರು ತಣ್ಣಗಾಗಿಸುವ ಚಿಲ್ಲರ್ ದುಬಾರಿ. ನಮ್ಮ ಕಡೆ ಗಾಳಿ ಒಣ ಗಾಳಿ, ನೀರಿನ ಮೇಲೆ ಸಣ್ಣ ಫ್ಯಾನ್ ಬೀಸಿದರೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ಮಂಗಳೂರಿನ ಸೆಕೆಯಲ್ಲಿ ಇಷ್ಟು ಇಳಿಯುವುದಿಲ್ಲ. ಆದರೆ ಆಗ ನೀರು ಬೇಗ ಆರುತ್ತದೆ. ಆರುವುದು ನೀರು, ಉಪ್ಪು ಅಲ್ಲೇ ಉಳಿಯುತ್ತದೆ. ಹಾಗಾಗಿ ದಿನಾ ತುಂಬಿಸುವುದು ಬರೀ ಆರ್‌ಓ ನೀರು, ಉಪ್ಪುನೀರಲ್ಲ. ವೈರುಗಳು ಪ್ಲಗ್ಗಿಗಿಂತ ಕೆಳಗೆ ಜೋತು ಬಿದ್ದು ಮೇಲೆ ಹೋಗುವ ಹಾಗೆ ಕಟ್ಟು, ಇಲ್ಲದಿದ್ದರೆ ಉಪ್ಪುನೀರು ವೈರಿನಗುಂಟ ಇಳಿದು ಸ್ವಿಚ್ ಬೋರ್ಡ್ ಸೇರುತ್ತದೆ. ಕರೆಂಟ್ ಹೋದಾಗ ಓಡೋಕೆ ಒಂದು ಬ್ಯಾಟರಿ ಏರ್ ಪಂಪ್ ತಂದಿಡು.

ಮೀನು ತರುವಾಗ ಸಮುದ್ರದಲ್ಲಿ ಹಿಡಿದದ್ದಲ್ಲ, ಸಾಕಣೆಯಲ್ಲಿ ಹುಟ್ಟಿದ ಕ್ಲೌನ್ ಕೇಳು. ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ನಮ್ಮ ದೇಶದಲ್ಲೇ ಅವುಗಳ ಮರಿ ಮಾಡಿಸುವ ವಿಧಾನ ರೂಪಿಸಿದ್ದಾರೆ. ಅಂಥ ಮರಿಗಳು ಟ್ಯಾಂಕಿಗೆ ಬೇಗ ಹೊಂದಿಕೊಳ್ಳುತ್ತವೆ.

ಮುಂದಿನ ವಾರ ನಾನೇ ತುಮಕೂರಿಗೆ ಬರುತ್ತೇನೆ. ನನ್ನ ಟ್ಯಾಂಕಿನಿಂದ ಒಂದು ಕಲ್ಲು ತೆಗೆದು ಒದ್ದೆ ಪೇಪರಿನಲ್ಲಿ ಸುತ್ತಿ ತರುತ್ತೇನೆ, ಹಾಲಿಗೆ ಹೆಪ್ಪು ಹಾಕಿದ ಹಾಗೆ ನಿನ್ನ ನೀರಿಗೆ ಅದು. ಕಾಯುವುದು ಒಂದೆರಡು ವಾರವಾದರೂ ಕಡಿಮೆಯಾಗುತ್ತದೆ. ಅಷ್ಟರಲ್ಲಿ ನೀರು ಬೆರೆಸಿಟ್ಟು 1.025 ಬಂತಾ ಅಂತ ಫೋನ್ ಮಾಡು. ಟಿಡಿಎಸ್ ಮೀಟರ್ ಕೊಳ್ಳಬೇಡ, ನನ್ನ ಹತ್ತಿರ ಎರಡಿವೆ.

ನಿನ್ನ,
ಸೀನ