ಬೆವರಿನ ಕಥೆ ಆಮೇಲಿರಲಿ

ಪ್ರೀತಿಯ ತಂಗಿಗೆ,

1960ರ ಅಮೆರಿಕದ ಅಧ್ಯಕ್ಷೀಯ ಚುನಾವಣೆ ಕುರಿತ ನಿನ್ನ ಕರಡು ಓದಿದೆ. ಮೊದಲ ಪ್ಯಾರಾದಲ್ಲಿ ರಿಪಬ್ಲಿಕನ್ ಪಕ್ಷದ ನಿಕ್ಸನ್ ಟೀವಿಯಲ್ಲಿ ಬೆವರುತ್ತಾರೆ, ಎರಡನೆಯದರಲ್ಲಿ ಡೆಮಾಕ್ರಟಿಕ್ ಪಕ್ಷದ ಕೆನಡಿ ಗೆದ್ದೇಬಿಡುತ್ತಾರೆ. ಅವರಿಬ್ಬರ ಮೊದಲ ಟೀವಿ ಚರ್ಚೆ ನಡೆದದ್ದು ಸೆಪ್ಟೆಂಬರ್ 26ಕ್ಕೆ, ಮತದಾನ ನವೆಂಬರ್ 8ಕ್ಕೆ. ನಡುವಿನ ಆರು ವಾರ ಎಲ್ಲಿ ಹೋಯಿತು?

ಲೆಕ್ಕದಿಂದ ಶುರುಮಾಡು. ಸಾಮಾನ್ಯವಾಗಿ ಕೊಡುವ ಅಂಕಿ ಇದು: ಕೆನಡಿಗೆ 3,42,20,984 ಮತ, ನಿಕ್ಸನ್‌ಗೆ 3,41,08,157. ಅಂತರ 1,12,827, ಅಂದರೆ ಚಲಾವಣೆಯಾದ ಮತಗಳಲ್ಲಿ ಶೇ 0.17ರ ಆಸುಪಾಸು. ಮಿಲಿಯನ್ನನ್ನು ಕೋಟಿಗೆ ಇಳಿಸುವಾಗ ಸೊನ್ನೆ ಎಡವುವುದು ನಮ್ಮವರ ಹಳೇ ರೋಗ. ನಿನ್ನ ಕರಡಿನಲ್ಲೂ ಕೆನಡಿಗೆ 34 ಕೋಟಿ ಮತ ಬಿದ್ದಿದೆ. ಆಗ ಆ ದೇಶದ ಜನಸಂಖ್ಯೆಯೇ ಸುಮಾರು 18 ಕೋಟಿ!

ಅಷ್ಟಾಗಿಯೂ ಗೆಲುವನ್ನು ತೀರ್ಮಾನಿಸುವುದು ಈ ಅಂಕಿಯಲ್ಲ. ನೀನು ಎಲೆಕ್ಟರನ್ನು ‘ಮತದಾರ’ ಎಂದು ಕನ್ನಡಿಸಿದ್ದೀಯ. ಅಲ್ಲಿಗೆ ಇಡೀ ಲೇಖನ ಕೆಟ್ಟಿತು, ಏಕೆಂದರೆ ಮುಂದೆ ಯಾವ ಮತದಾರ ಎಂದು ಓದುಗರಿಗೆ ತಿಳಿಯುವುದಿಲ್ಲ. ಎಲೆಕ್ಟರ್ ಎಂದೇ ಇಟ್ಟು, ರಾಜ್ಯದ ಜನ ಆರಿಸಿ ಕಳಿಸುವ, ಅಧ್ಯಕ್ಷರಿಗೆ ಮತ ಹಾಕುವ ಪ್ರತಿನಿಧಿ ಎಂದು ಒಮ್ಮೆ ಹೇಳಿಬಿಡು. ಆ ವರ್ಷ ಒಟ್ಟು 537 ಎಲೆಕ್ಟರುಗಳು, ಗೆಲ್ಲಲು 269 ಬೇಕು. ಕೆನಡಿಗೆ 303, ನಿಕ್ಸನ್‌ಗೆ 219. ಉಳಿದ 15 ವರ್ಜೀನಿಯಾದ ಸೆನೆಟರ್ ಹ್ಯಾರಿ ಬರ್ಡ್ ಅವರಿಗೆ ಹೋದವು. ಅವರು ಅಭ್ಯರ್ಥಿಯೇ ಆಗಿರಲಿಲ್ಲ. ಈ ಹದಿನೈದನ್ನು ನೀನು ಬಿಟ್ಟಿದ್ದೀಯ. ಕೂಡಿಸಿ ನೋಡಿದ ಓದುಗ ಪತ್ರ ಬರೆಯುತ್ತಾನೆ.

ಈಗ ಅಲಬಾಮಾ. ಆ 1,12,827 ಎಂಬ ಅಂಕಿ ಅಲುಗಾಡುವುದು ಇಲ್ಲೇ, ಹಾಗಾಗಿ ನಿಧಾನವಾಗಿ ನೋಡು. ಆ ರಾಜ್ಯಕ್ಕೆ 11 ಎಲೆಕ್ಟರುಗಳು. ಡೆಮಾಕ್ರಟಿಕ್ ಪಟ್ಟಿಯಲ್ಲಿದ್ದ ಹನ್ನೊಂದರಲ್ಲಿ ಐವರು ಮಾತ್ರ ಕೆನಡಿಗೆ ಬದ್ಧರು, ಆರು ಮಂದಿ ಯಾರಿಗೂ ಬದ್ಧರಲ್ಲ. ಜನ ಒಬ್ಬೊಬ್ಬ ಎಲೆಕ್ಟರಿಗೂ ಬೇರೆಬೇರೆಯಾಗಿ ಮತ ಹಾಕಿದರು. ಬದ್ಧರಲ್ಲದವರಲ್ಲಿ ಅತಿ ಹೆಚ್ಚು ಪಡೆದವರಿಗೆ 3,24,050, ಕೆನಡಿ ಪರ ಇದ್ದವರಲ್ಲಿ ಅತಿ ಹೆಚ್ಚು ಪಡೆದವರಿಗೆ 3,18,303. ಹೆಚ್ಚುಕಡಿಮೆ ಅದೇ ಜನ ಎರಡೂ ಬಗೆಯವರಿಗೆ ಹಾಕಿದ್ದಾರೆ. ವಾಡಿಕೆಯ ಲೆಕ್ಕ 3,18,303ನ್ನು ಪೂರ್ತಿ ಕೆನಡಿ ಖಾತೆಗೆ ಹಾಕುತ್ತದೆ. ಅದರ ಬದಲು 3,24,050ನ್ನು ಹನ್ನೊಂದು ಪಾಲು ಮಾಡಿ ಐದು ಪಾಲನ್ನಷ್ಟೇ ಕೆನಡಿಗೆ ಕೊಡು: 1,47,295 ಬರುತ್ತದೆ. ಕೆನಡಿ ಖಾತೆಯಿಂದ 1,71,008 ಕಳೆಯಿತು. ಆಗ ದೇಶದ ಒಟ್ಟು ಮತದಲ್ಲಿ ನಿಕ್ಸನ್ 58,181 ಮತ ಮುಂದೆ! ಅಧ್ಯಕ್ಷರು ಬದಲಾಗುವುದಿಲ್ಲ, ಬದಲಾಗುವುದು ನಿನ್ನ ವಾಕ್ಯ. ‘ಕೆನಡಿ ಜನಮತದಲ್ಲಿ ಗೆದ್ದರು’ ಎಂದು ಬರೆಯುವಾಗ ‘ವಾಡಿಕೆಯ ಎಣಿಕೆಯಂತೆ’ ಎಂಬೆರಡು ಪದ ಸೇರಿಸು.

ಶಿಕಾಗೋದ ಕಳ್ಳಮತದಿಂದಲೇ ನಿಕ್ಸನ್ ಸೋತರು ಎಂಬ ಮಾತನ್ನು ನೀನು ಪ್ರಶ್ನೆಯನ್ನೇ ಕೇಳದೆ ತಂದಿದ್ದೀಯ. ಕೂಡಿ ಕಳೆದು ನೋಡು. ಶಿಕಾಗೋ ಇರುವ ಇಲಿನಾಯ್ ರಾಜ್ಯದಲ್ಲಿ ಅಂತರ 8,858, ಎಲೆಕ್ಟರುಗಳು 27. ಆ 27ನ್ನು ಕಿತ್ತುಕೊಂಡರೂ ಕೆನಡಿ ಬಳಿ 276 ಉಳಿಯುತ್ತದೆ. ಟೆಕ್ಸಾಸಿನ 24 ಕೂಡ ಹೋದರೆ ಮಾತ್ರ ನಿಕ್ಸನ್ 270 ಮುಟ್ಟುತ್ತಾರೆ, ಅಲ್ಲಿ ಅಂತರ 46,000 ಚಿಲ್ಲರೆ. ಹಾಗೆಂದು ಅಕ್ರಮ ನಡೆಯಲೇ ಇಲ್ಲ ಎಂದೂ ಬರೆಯಬೇಡ. ಶಿಕಾಗೋದ ಮರುಪರಿಶೀಲನೆಯಲ್ಲಿ ನಿಕ್ಸನ್‌ಗೆ 943 ಮತ ಕಡಿಮೆ ಎಣಿಸಿದ್ದು ಬಯಲಾಯಿತು. ಅಷ್ಟನ್ನೇ ಹೇಳಿ 8,858ರ ಪಕ್ಕದಲ್ಲಿಡು. ಫಲಿತಾಂಶ ನಿಜಕ್ಕೂ ಮಗುಚಿದ್ದು ಹವಾಯಿಯಲ್ಲಿ: ಮೊದಲು ನಿಕ್ಸನ್ 141 ಮತದಿಂದ ಮುಂದಿದ್ದರು, ಮರುಎಣಿಕೆಯಲ್ಲಿ ಕೆನಡಿ 115ರಿಂದ ಮುಂದೆ. ಮೂರೇ ಎಲೆಕ್ಟರುಗಳು, ಆದ್ದರಿಂದ ಯಾರೂ ಮಾತಾಡುವುದಿಲ್ಲ.

ಇನ್ನು ಟೀವಿ. ಚರ್ಚೆಗಳು ಒಂದಲ್ಲ, ನಾಲ್ಕು: ಸೆಪ್ಟೆಂಬರ್ 26, ಅಕ್ಟೋಬರ್ 7, 13 ಮತ್ತು 21. ಮೂರನೆಯದರಲ್ಲಿ ಇಬ್ಬರೂ ಒಂದೇ ಊರಲ್ಲಿ ಇರಲಿಲ್ಲ. ನಿಕ್ಸನ್ ಲಾಸ್ ಏಂಜಲೀಸ್‌ನಲ್ಲಿ, ಕೆನಡಿ ನ್ಯೂಯಾರ್ಕ್‌ನಲ್ಲಿ. ನಿನ್ನ ‘ಎದುರುಬದುರು ನಿಂತ ನಾಲ್ಕು ರಾತ್ರಿ’ ಹೊಡೆದುಹಾಕು. ಕಾನೂನಿನ ಕಾರಣವೂ ಬೇಕು: ಒಬ್ಬ ಅಭ್ಯರ್ಥಿಗೆ ಸಮಯ ಕೊಟ್ಟರೆ ಸಣ್ಣಪುಟ್ಟ ಪಕ್ಷದವರಿಗೆಲ್ಲ ಅಷ್ಟೇ ಕೊಡಬೇಕೆಂಬ ನಿಯಮವಿತ್ತು. ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಅದನ್ನು ಆ ವರ್ಷದ ಮಟ್ಟಿಗೆ ತಡೆಹಿಡಿದಿದ್ದರಿಂದಲೇ ಚರ್ಚೆ ಸಾಧ್ಯವಾಯಿತು. ಮತ್ತೆ ಇಂಥ ಚರ್ಚೆ ನಡೆದದ್ದು 1976ರಲ್ಲಿ.

ಮೊದಲ ಚರ್ಚೆ ನಡೆದ ಶಿಕಾಗೋದ ಸ್ಟುಡಿಯೋವನ್ನು ಬೆವರಿನಿಂದ ಆರಂಭಿಸದೆ ಬಣ್ಣದಿಂದ ಆರಂಭಿಸು. ಪ್ರಸಾರ ಕಪ್ಪು-ಬಿಳುಪು. ಹಿನ್ನೆಲೆ ತೆಳುಬೂದು, ನಿಕ್ಸನ್ ಸೂಟೂ ತೆಳುಬೂದು; ಎರಡೂ ಒಂದಕ್ಕೊಂದು ಬೆರೆತು ಮನುಷ್ಯ ಗೋಡೆಯೊಳಗೆ ಕರಗಿದಂತೆ ಕಂಡರು. ಕೆನಡಿಯ ಗಾಢ ಸೂಟು ಕೊರೆದಿಟ್ಟಂತೆ ಎದ್ದು ಬಂತು. ಆಗಸ್ಟ್‌ನಲ್ಲಿ ಗ್ರೀನ್ಸ್‌ಬರೋದಲ್ಲಿ ಪೆಟ್ಟಾದ ಮೊಣಕಾಲಿಗೆ ಸೋಂಕು ತಗುಲಿ ನಿಕ್ಸನ್ ಆಸ್ಪತ್ರೆಯಲ್ಲಿದ್ದು ಬಂದಿದ್ದರು, ಮೈ ಇಳಿದಿತ್ತು. ಸರಿಯಾದ ಮೇಕಪ್ ಬೇಡವೆಂದು, ಗಡ್ಡದ ಛಾಯೆ ಮುಚ್ಚುವ ಪೌಡರನ್ನಷ್ಟೇ ಹಚ್ಚಿಕೊಂಡರು. ದೀಪಗಳ ಬಿಸಿಗೆ ಅದರ ಮೇಲೆ ಬೆವರು ಹನಿಯಿತು. ಕೆನಡಿ ಮಾತಾಡುವಾಗ ಕ್ಯಾಮೆರಾ ಆಗಾಗ ನಿಕ್ಸನ್ ಕಡೆ ಹೊರಳುತ್ತಿತ್ತು. ಕೇಳುವವನ ಮುಖವನ್ನೂ ತೋರಿಸುವ ಈ ಪದ್ಧತಿ ಸಭೆಯ ಭಾಷಣಕ್ಕೆ ಇಲ್ಲ. ನಿನ್ನ ಲೇಖನದ ಜೀವ ಇರುವುದು ಅಲ್ಲಿ.

‘ರೇಡಿಯೋ ಕೇಳಿದವರಿಗೆ ನಿಕ್ಸನ್ ಗೆದ್ದರು, ಟೀವಿ ನೋಡಿದವರಿಗೆ ಕೆನಡಿ’ ಎಂಬುದು ಎಲ್ಲರೂ ಎತ್ತಿ ಬರೆಯುವ ಸಾಲು. ಅದರ ಬುಡ ಸಿಂಡ್ಲಿಂಗರ್ ಎಂಬ ಸಂಸ್ಥೆಯ ಸಮೀಕ್ಷೆ, ಅದರಲ್ಲಿ ರೇಡಿಯೋ ಕೇಳಿದವರು ಮುನ್ನೂರೂ ಇರಲಿಲ್ಲ. ಹತ್ತರಲ್ಲಿ ಒಂಬತ್ತರ ಹತ್ತಿರ ಮನೆಗಳಲ್ಲಿ ಟೀವಿ ಬಂದಿದ್ದಾಗ ರೇಡಿಯೋಗೆ ಕಿವಿಗೊಟ್ಟವರು ಯಾರಿರಬಹುದು? ಹಳ್ಳಿಗಾಡಿನವರು, ಪ್ರಾಟೆಸ್ಟೆಂಟರು ಅವರಲ್ಲಿ ಹೆಚ್ಚಿದ್ದಿರಬಹುದು. ಅಂಥವರು ಮೊದಲೇ ನಿಕ್ಸನ್ ಕಡೆ ವಾಲಿದ್ದವರು. ಈ ಸಾಲು ಬಳಸುವುದಾದರೆ ಈ ತೊಡಕಿನ ಸಮೇತ ಬಳಸು. ಗ್ಯಾಲಪ್ ಸಮೀಕ್ಷೆಯಲ್ಲಿ ಮೊದಲ ಚರ್ಚೆಗೆ ಮುನ್ನ ನಿಕ್ಸನ್ ಶೇ 47, ಕೆನಡಿ 46. ನಂತರ ಕೆನಡಿ 49, ನಿಕ್ಸನ್ 46. ಅಲೆ ಎದ್ದಿತು ಎನ್ನುವಷ್ಟು ದೊಡ್ಡದಲ್ಲ ಇದು.

ಇಷ್ಟು ತೆಳು ಅಂತರದಲ್ಲಿ ಯಾವುದನ್ನು ಬೇಕಾದರೂ ಕಾರಣ ಎನ್ನಬಹುದು. ಕೆನಡಿ ಕ್ಯಾಥಲಿಕ್ ಆಗಿದ್ದು ಮತ ತಂದಿತು, ಕಳೆಯಿತು ಕೂಡ. ಮಾರ್ಟಿನ್ ಲೂಥರ್ ಕಿಂಗ್ ಜೈಲಿನಲ್ಲಿದ್ದಾಗ ಅವರ ಪತ್ನಿಗೆ ಕೆನಡಿ ಮಾಡಿದ ಫೋನ್ ಕರೆ ಇದೆ. ಐವತ್ತೂ ರಾಜ್ಯ ಸುತ್ತುತ್ತೇನೆಂದು ಮಾತು ಕೊಟ್ಟ ನಿಕ್ಸನ್, ಕೊನೆಯ ವಾರಾಂತ್ಯದಲ್ಲಿ ಮೂರೇ ಎಲೆಕ್ಟರುಗಳ ಅಲಾಸ್ಕಾಗೆ ಹಾರಿದ್ದೂ ಇದೆ. ಇವುಗಳಲ್ಲಿ ಎರಡನ್ನು ಆರಿಸಿ ಚೆನ್ನಾಗಿ ಬರೆ, ಏಳನ್ನು ಪೋಣಿಸಬೇಡ. ‘ಇದೇ ಕಾರಣ’ ಎಂಬ ಪದ ಮಾತ್ರ ಬೇಡ.

ಎರಡು ಸಣ್ಣ ತಿದ್ದುಪಡಿ. ‘ಜಗತ್ತೇ ಟೀವಿ ಮುಂದೆ ಕುಳಿತಿತ್ತು’ ಎಂದಿದ್ದೀಯ. ದೆಹಲಿಯಲ್ಲಿ ಪ್ರಾಯೋಗಿಕ ಪ್ರಸಾರ ಶುರುವಾಗಿ ಆಗಷ್ಟೇ ಒಂದು ವರ್ಷ, ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ. ನಮ್ಮ ಕಡೆಯವರಿಗೆ ಆ ಸುದ್ದಿ ತಲುಪಿದ್ದು ಪತ್ರಿಕೆ, ರೇಡಿಯೋಗಳಿಂದ. ಇನ್ನೊಂದು ಗಡಿಯಾರದ ವಿಷಯ: ನಿಕ್ಸನ್ ಲಾಸ್ ಏಂಜಲೀಸಿನ ಹೋಟೆಲಿನಲ್ಲಿ ನಡುರಾತ್ರಿ ದಾಟಿದ ಮೇಲೆ ಮಾತಾಡಿದಾಗ ನ್ಯೂಯಾರ್ಕಿನಲ್ಲಿ ಬೆಳಗಿನ ಜಾವ ಮೂರು ದಾಟಿತ್ತು, ಮೈಸೂರಿನಲ್ಲಿ ನವೆಂಬರ್ 9ರ ಮಧ್ಯಾಹ್ನ. ಅಲ್ಲಿ ಅವರು ಸೋಲೊಪ್ಪಲಿಲ್ಲ. ಒಲವು ಹೀಗೇ ಮುಂದುವರಿದರೆ ಕೆನಡಿ ಅಧ್ಯಕ್ಷರಾಗುತ್ತಾರೆ ಎಂದರು, ಅಷ್ಟೆ. ನೀನು ಆ ‘ರೆ’ಯನ್ನು ನುಂಗಿದ್ದೀಯ.

ಮುಕ್ತಾಯಕ್ಕೆ ಪದವಿ ಸ್ವೀಕಾರದ ದಿನ ಬೇಡ, 1961ರ ಜನವರಿ 6 ಇರಲಿ. ಎಲೆಕ್ಟರುಗಳ ಮತ ಎಣಿಸುವ ಸಭೆಗೆ ಅಧ್ಯಕ್ಷತೆ ಉಪಾಧ್ಯಕ್ಷರದು, ಅಂದರೆ ಆಗ ಉಪಾಧ್ಯಕ್ಷರಾಗಿದ್ದ ನಿಕ್ಸನ್‌ರದೇ. ಹವಾಯಿಯಿಂದ ಎರಡೂ ಪಕ್ಷದ ಪಟ್ಟಿಗಳು ಬಂದಿದ್ದವು. ಕೆನಡಿಯದನ್ನು ಎಣಿಸಬಹುದೆಂದು ಅವರೇ ಸೂಚಿಸಿದರು, ಯಾರೂ ಆಕ್ಷೇಪ ಎತ್ತಲಿಲ್ಲ. ಇದಕ್ಕೆ ಆರು ಸಾಲು ಸಾಕು. ತಿದ್ದಿದ ಕರಡು ಬೇಗ ಕಳಿಸು.

ಇತಿ,
ನಿನ್ನ ಅಣ್ಣ